ಕವುಚಿಟ್ಟ ಎಲೆ: ಒಂದು ಜೂಜಿನ ಚಿತ್ರದ ಚರಿತ್ರೆ



'ಜೂಜು' ಎಂಬುದು ಸಂಸ್ಕೃತದ 'ದ್ಯೂತ' ಶಬ್ದದ ತದ್ಭವ. ಶಬ್ದ ಸವೆದು ಸಣ್ಣದಾಯಿತೇ ಹೊರತು ಅದು ಸೂಚಿಸುವ ಚಟ ಸವೆಯಲಿಲ್ಲ. ಕನ್ನಡಿಗರಾದ ನಮಗೆ ಜೂಜೆಂದೊಡನೆ ಕಣ್ಣಮುಂದೆ ನಿಲ್ಲುವುದು ಹಸ್ತಿನಾವತಿಯ ಸಭೆ. ಗಮಕಿಗಳು ಕುಮಾರವ್ಯಾಸನ ಸಭಾಪರ್ವವನ್ನು ವಾಚಿಸುವಾಗ ಶ್ರೋತೃಗಳ ಎದೆಯನ್ನು ಹಿಂಡುವುದು ಧರ್ಮರಾಯ ಸೋತನೆಂಬ ಸಂಗತಿಯಷ್ಟೇ ಅಲ್ಲ. ಶಕುನಿಯ ಕಪಟದ ಮುಂದೆ ಸೋತನೆಂಬ ಸಂಗತಿ. ಮೋಸಹೋದವನ ಮೇಲೆ ನಮಗೆ ಕನಿಕರ, ಮೋಸ ಮಾಡಿದವನ ಮೇಲೆ ಕೋಪ. ಇದು ಸರಳವಾದ ಲೆಕ್ಕ.

ಆದರೆ ಇದಕ್ಕಿಂತ ಕಠಿನವಾದ ಪ್ರಶ್ನೆಯೊಂದುಂಟು. ಕಪಟದ ದಾಳ ನಮ್ಮ ವಿರುದ್ಧವಾಗಿ ಅಲ್ಲ, ನಮ್ಮ ಪರವಾಗಿಯೇ ಬೀಳತೊಡಗಿದರೆ? ನಾವು ಅದನ್ನು ಬೇಡಿದವರಲ್ಲ. ಬೇರೆ ಯಾರೋ ತಮ್ಮ ಲಾಭಕ್ಕಾಗಿ ನಮ್ಮನ್ನು ಗೆಲ್ಲಿಸುತ್ತಿದ್ದಾರೆ. ಎದುರಾಳಿಗೆ ಅದು ತಿಳಿಯದು, ಲೋಕಕ್ಕೂ ತಿಳಿಯದು. ಸುಮ್ಮನೆ ಕುಳಿತರೆ ಗೆಲವು ತಾನಾಗಿ ಬಂದು ಮಡಿಲಿಗೆ ಬೀಳುತ್ತದೆ. ಆಗ ಆಟಗಾರನಾದವನು ಏನು ಮಾಡಬೇಕು?

ಈ ಪ್ರಶ್ನೆಯನ್ನೇ ಒಡಲಲ್ಲಿಟ್ಟುಕೊಂಡ ಅಮೆರಿಕದ ಚಲಚ್ಚಿತ್ರವೊಂದು ೧೯೬೫ರಲ್ಲಿ ಬಿಡುಗಡೆಯಾಯಿತು. ಹೆಸರು 'ದಿ ಸಿನ್ಸಿನಾಟಿ ಕಿಡ್'. 'ಸಿನ್ಸಿನಾಟಿಯ ಹುಡುಗ' ಎನ್ನಬಹುದು. ಮೇಲುನೋಟಕ್ಕೆ ಅದು ಇಸ್ಪೀಟಾಟದ ಕಥೆ. ನಾನು ಇಸ್ಪೀಟಿನ ಪಕ್ಷಪಾತಿಯಲ್ಲ. ಪ್ರೌಢಶಾಲೆಯ ಮಕ್ಕಳಿಗೆ ವ್ಯಾಕರಣ ಹೇಳಿ ಕಾಲ ಕಳೆಯುವವನು. ಆದರೂ ಈ ಚಿತ್ರವನ್ನು ನೋಡಿದ ಮೇಲೆ ಅದರ ಹಿಂದಿನ ಸಂಗತಿಗಳನ್ನು ಹುಡುಕಿ ಓದಿದೆ. ಆಟದ ಚರಿತ್ರೆ, ಚಿತ್ರದ ಚರಿತ್ರೆ, ಚಿತ್ರವನ್ನು ಬರೆದವರಲ್ಲಿ ಒಬ್ಬರ ಬಾಳಿನ ಚರಿತ್ರೆ, ಈ ಮೂರೂ ಮೇಲಿನ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆಂದು ನನಗೆ ಕಂಡಿತು. ಅದನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಆಟದ ವಿಚಾರ. ಕಥೆಯಲ್ಲಿ ಆಡುವುದು ಪೋಕರ್. ಈ ಹೆಸರೂ ಒಂದು ಬಗೆಯ ತದ್ಭವವೇ. ಫ್ರೆಂಚರಲ್ಲಿ 'ಪೋಕ್' ಎಂಬ ಇಸ್ಪೀಟಾಟವಿತ್ತು. ಅದೇ ಅಮೆರಿಕನ್ನರ ನಾಲಗೆಯಲ್ಲಿ 'ಪೋಕರ್' ಆಯಿತೆಂದು ಬಹುಮಂದಿ ವಿದ್ವಾಂಸರ ಮತ. ಮಿಸಿಸಿಪ್ಪಿ ನದಿಯು ಸಮುದ್ರವನ್ನು ಸೇರುವುದಕ್ಕೆ ಮುಂಚೆ ಅದರ ದಡದಲ್ಲಿ ನ್ಯೂ ಆರ್ಲಿಯನ್ಸ್ ಎಂಬ ಪಟ್ಟಣವಿದೆ. ಅದು ಫ್ರೆಂಚರು ಕಟ್ಟಿದ ಊರು. ೧೮೦೩ರಲ್ಲಿ ಅಮೆರಿಕ ಸರ್ಕಾರ ಲೂಯಿಸಿಯಾನ ಪ್ರಾಂತವನ್ನು ಫ್ರಾನ್ಸಿನಿಂದ ಕೊಂಡುಕೊಂಡಾಗ ಈ ಊರೂ ಅದರೊಡನೆ ಬಂತು. ಮುಂದಿನ ಕೆಲವು ದಶಕಗಳಲ್ಲಿ ಪೋಕರ್ ಈ ಊರಿನಿಂದ ಉಗಿಹಡಗುಗಳನ್ನೇರಿ ನದಿಯುದ್ದಕ್ಕೂ ಹರಡಿತು. ಹತ್ತಿ ಮಾರಿ ಹಣದ ಚೀಲದೊಡನೆ ಊರಿಗೆ ಮರಳುವ ತೋಟದ ಧಣಿ, ವ್ಯಾಪಾರಿ, ಹೊತ್ತು ಹೋಗದ ಪ್ರಯಾಣಿಕ, ಇವರ ನಡುವೆ ಸಭ್ಯನಂತೆ ಉಡುಪು ಧರಿಸಿ ಕುಳಿತ ವೃತ್ತಿಯ ಜೂಜುಗಾರ, ಹೀಗೆ ಹಡಗಿನ ಹಜಾರವೇ ದ್ಯೂತಸಭೆಯಾಯಿತು. ಜೋ ಕೋವೆಲ್ ಎಂಬ ಆಂಗ್ಲ ನಟ ೧೮೨೯ರಲ್ಲಿ ಇಂಥ ಹಡಗಿನಲ್ಲಿ ಕಂಡ ಆಟವನ್ನು ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ. ಆ ಕಾಲದ ಆಟಕ್ಕೆ ಇಪ್ಪತ್ತೇ ಎಲೆಗಳು. ಎಕ್ಕ, ರಾಜ, ರಾಣಿ, ಗುಲಾಮ, ಹತ್ತು, ಇಷ್ಟೆ. ಐವತ್ತೆರಡು ಎಲೆಗಳ ಕಟ್ಟು ಬಳಕೆಗೆ ಬಂದದ್ದು ಆಮೇಲೆ.

ಈ ಆಟಕ್ಕೆ ಹುಟ್ಟಿನಿಂದಲೇ ಒಂದು ಅಪಕೀರ್ತಿ ಅಂಟಿಕೊಂಡಿತ್ತು. ಜೊನಾಥನ್ ಗ್ರೀನ್ ಎಂಬಾತ ಮೊದಲು ಜೂಜುಗಾರನಾಗಿದ್ದು ಅನಂತರ ಆ ಬಾಳನ್ನು ತೊರೆದವನು. ಅವನು ೧೮೪೩ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿ, ಹಡಗುಗಳಲ್ಲಿ ನಡೆಯುತ್ತಿದ್ದ ಈ ಆಟವನ್ನು 'ಮೋಸದ ಆಟ'ವೆಂದೇ ಕರೆದ. ಅದಕ್ಕೂ ಮೊದಲು, ೧೮೩೫ರ ಜುಲೈ ತಿಂಗಳಲ್ಲಿ, ಮಿಸಿಸಿಪ್ಪಿ ದಡದ ವಿಕ್ಸ್‌ಬರ್ಗ್ ಎಂಬ ಊರಿನ ಜನ ರೊಚ್ಚಿಗೆದ್ದು ಐದು ಮಂದಿ ಜೂಜುಗಾರರನ್ನು ವಿಚಾರಣೆಯಿಲ್ಲದೆ ನೇಣಿಗೇರಿಸಿಬಿಟ್ಟರು. ಎಲೆ ಹಂಚುವವನ ಕೈ ಶುದ್ಧವಾಗಿದೆಯೆ? ಪೋಕರಿನ ಚರಿತ್ರೆಯುದ್ದಕ್ಕೂ ಕೇಳಿಬರುವ ಮೊದಲ ಪ್ರಶ್ನೆ ಇದೇ. ಮುಂದಿನ ಕಥೆಗೆ ಇದನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ಚಿತ್ರದಲ್ಲಿ ಆಡುವುದು ಪೋಕರಿನ ಒಂದು ಪ್ರಭೇದ, ಹೆಸರು 'ಸ್ಟಡ್'. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ, ಎಂದರೆ ೧೮೬೧ರಿಂದ ೧೮೬೫ರವರೆಗಿನ ವರ್ಷಗಳ ಆಸುಪಾಸಿನಲ್ಲಿ, ಬಳಕೆಗೆ ಬಂದದ್ದು. ಇದರ ಕ್ರಮ ಸುಲಭ. ಪ್ರತಿಯೊಬ್ಬನಿಗೂ ಮೊದಲನೆಯ ಎಲೆಯನ್ನು ಕವುಚಿ ಹಾಕುತ್ತಾರೆ. ಅದನ್ನು ಅವನೊಬ್ಬನೇ ಇಣುಕಿ ನೋಡಬಹುದು. ಉಳಿದ ನಾಲ್ಕು ಎಲೆಗಳನ್ನು ಒಂದೊಂದಾಗಿ ಎಲ್ಲರಿಗೂ ಕಾಣುವಂತೆ ತೆರೆದಿಡುತ್ತಾರೆ. ತೆರೆದ ಎಲೆ ಬಿದ್ದಾಗಲೆಲ್ಲ ಪಣ ಒಡ್ಡಬಹುದು, ಏರಿಸಬಹುದು, ಅಥವಾ ಎಲೆಗಳನ್ನು ಮಡಚಿ ಹಿಂದೆ ಸರಿಯಬಹುದು. ಕೊನೆಯಲ್ಲಿ ಒಬ್ಬೊಬ್ಬನ ಮುಂದೆಯೂ ನಾಲ್ಕು ಸತ್ಯ, ಒಂದು ರಹಸ್ಯ. ಬರಿಗೈಯವನು ಭಾರಿ ಪಣ ಒಡ್ಡಿ ಬೆದರಿಸಬಹುದು. ತುಂಬುಗೈಯವನು ಹೆದರಿದಂತೆ ನಟಿಸಬಹುದು. ಆದ್ದರಿಂದ ಇಲ್ಲಿ ಎಲೆಯನ್ನು ಓದುವುದಕ್ಕಿಂತ ಎದುರಿಗಿರುವವನ ಮುಖವನ್ನು ಓದುವುದು ದೊಡ್ಡ ವಿದ್ಯೆ.

ಈಗ ಕಥೆ. ರಿಚರ್ಡ್ ಜೆಸಪ್ ಎಂಬವರು ೧೯೬೩ರಲ್ಲಿ ಬರೆದ ಕಾದಂಬರಿ ಇದಕ್ಕೆ ಆಧಾರ. ಕಾದಂಬರಿ ನಡೆಯುವುದು ಸೇಂಟ್ ಲೂಯಿಸ್ ನಗರದಲ್ಲಿ. ಚಿತ್ರದವರು ಅದನ್ನು ನ್ಯೂ ಆರ್ಲಿಯನ್ಸಿಗೆ ತಂದರು. ಆಟವನ್ನು ಅದರ ತವರುಮನೆಗೆ ಕರೆತಂದಂತಾಯಿತು. ಕಾಲ ೧೯೩೦ರ ದಶಕ. ಅಮೆರಿಕದಲ್ಲಿ ಕೆಲಸವಿಲ್ಲದೆ ಜನ ಬೀದಿಪಾಲಾಗಿದ್ದ ಮುಗ್ಗಟ್ಟಿನ ದಿನಗಳು. ಎರಿಕ್ ಸ್ಟೋನರ್ ಎಂಬ ತರುಣ, ಸಿನ್ಸಿನಾಟಿ ಕಿಡ್ ಎಂದು ಹೆಸರಾದವನು, ಊರಿನ ಜೂಜುಕಟ್ಟೆಗಳಲ್ಲೆಲ್ಲ ಗೆದ್ದು ತಾನೇ ಮೊದಲಿಗನೆನಿಸಿಕೊಳ್ಳುವ ಹಂಬಲದಲ್ಲಿದ್ದಾನೆ. ಆಗ ಲ್ಯಾನ್ಸಿ ಹೋವರ್ಡ್ ಎಂಬ ವೃದ್ಧ ಆ ಊರಿಗೆ ಬರುತ್ತಾನೆ. ಬಹುಕಾಲದಿಂದ ಪೋಕರಿನಲ್ಲಿ ಅಗ್ರಸ್ಥಾನ ಅವನದೇ. ನಯವಾದ ಮಾತು, ಒಪ್ಪವಾದ ಉಡುಪು, ಕರುಣೆಯಿಲ್ಲದ ಆಟ. ಇಬ್ಬರಿಗೂ ಪಂದ್ಯ ಗೊತ್ತಾಗುತ್ತದೆ. ತರುಣನಾಗಿ ಸ್ಟೀವ್ ಮೆಕ್ವೀನ್, ವೃದ್ಧನಾಗಿ ಎಡ್ವರ್ಡ್ ಜಿ. ರಾಬಿನ್ಸನ್ ನಟಿಸಿದ್ದಾರೆ.

ಎಲೆ ಹಂಚಲು ನೇಮಕವಾದವನು ಶೂಟರ್. ಒಂದು ಕಾಲಕ್ಕೆ ಲ್ಯಾನ್ಸಿಯ ಎದುರು ಆಡಿ ನೆಲಕಚ್ಚಿದವನು. ಅಂದಿನಿಂದ ದೊಡ್ಡ ಆಟಗಳ ಆಸೆ ಬಿಟ್ಟು ಪ್ರಾಮಾಣಿಕನೆಂಬ ಹೆಸರೊಂದನ್ನೇ ಆಸ್ತಿಯಾಗಿ ಉಳಿಸಿಕೊಂಡಿದ್ದಾನೆ. ಕಾರ್ಲ್ ಮಾಲ್ಡನ್ ಈ ಪಾತ್ರವನ್ನು ಬಹು ಮರ್ಮಸ್ಪರ್ಶಿಯಾಗಿ ಮಾಡಿದ್ದಾರೆ. ಆ ಊರಿನ ಸ್ಲೇಡ್ ಎಂಬ ಸಿರಿವಂತನೂ ಹಿಂದೆ ಲ್ಯಾನ್ಸಿಯ ಕೈಯಲ್ಲಿ ಸೋತು ಅವಮಾನಗೊಂಡವನೇ. ಮುದುಕನ ಸೊಕ್ಕು ಮುರಿಯಬೇಕೆಂಬುದು ಅವನ ಹಟ. ಅವನು ಶೂಟರನ ಸಾಲದ ಚೀಟಿಗಳನ್ನು ಮುಂದಿಟ್ಟು, ಕಿಡ್‌ಗೆ ಒಳ್ಳೆಯ ಎಲೆಗಳು ಬೀಳುವಂತೆ ಕೈಚಳಕ ಮಾಡೆಂದು ಪೀಡಿಸುತ್ತಾನೆ. ಬಡವನಿಗೆ ಬೇರೆ ದಾರಿ ಉಳಿಯುವುದಿಲ್ಲ.

ಹೋಟೆಲಿನ ಕೋಣೆಯೊಂದರಲ್ಲಿ ಆಟ ಆರಂಭವಾಗುತ್ತದೆ. ಹಗಲು ರಾತ್ರಿಯಾಗುತ್ತದೆ, ರಾತ್ರಿ ಹಗಲಾಗುತ್ತದೆ. ಉಳಿದ ಆಟಗಾರರು ಒಬ್ಬೊಬ್ಬರಾಗಿ ಬರಿಗೈಯಲ್ಲಿ ಎದ್ದುಹೋಗುತ್ತಾರೆ. ರೇಡಿಯೊ ನಾಟಕ ಕೇಳಿ ಪಳಗಿದ ತಮಗೆ ಮೌನವೂ ಒಂದು ಮಾತೆಂದು ಹೇಳಬೇಕಾಗಿಲ್ಲ. ಈ ಭಾಗದಲ್ಲಿ ಚಿತ್ರದ ಬಲವೆಲ್ಲ ಆ ಮೌನದಲ್ಲಿದೆ; ಎಲೆ ಮೇಜಿಗೆ ತಾಕುವ ಸದ್ದು, ನಾಣ್ಯ ಸರಿಸುವ ಸದ್ದು, ಒಂದು ನಿಟ್ಟುಸಿರು. ಅಷ್ಟರಲ್ಲಿ ಕಿಡ್‌ಗೆ ಸಂಶಯ ಹುಟ್ಟುತ್ತದೆ. ಎಲೆ ತನಗೆ ಬೀಳಬೇಕಾದುದಕ್ಕಿಂತ ಚೆನ್ನಾಗಿ ಬೀಳುತ್ತಿದೆ!

ಮಹಾಶಯರೆ, ಇಲ್ಲಿ ಕ್ಷಣಕಾಲ ನಿಲ್ಲಬೇಕು. ಕಿಡ್ ಏನು ಸತ್ಪುರುಷನಲ್ಲ. ತನಗೆ ಉಪಕಾರ ಮಾಡಿದ ಶೂಟರನ ಹೆಂಡತಿಯ ವಿಷಯದಲ್ಲಿಯೇ ಅವನು ತಪ್ಪಿ ನಡೆಯುತ್ತಾನೆ. ಅವನನ್ನು ಧರ್ಮರಾಯನಿಗೆ ಹೋಲಿಸುವಂತಿಲ್ಲ. ಆದರೂ ಆಟದ ವಿಷಯಕ್ಕೆ ಬಂದಾಗ ಅವನಿಗೊಂದು ಕಟ್ಟು ಇದೆ. ಶೂಟರನನ್ನು ಪಕ್ಕಕ್ಕೆ ಕರೆದು ನೇರವಾಗಿ ಕೇಳುತ್ತಾನೆ. ಈ ಕಪಟ ನನಗೆ ಬೇಡ, ನಾನು ಗೆಲ್ಲುವುದಾದರೆ ನನ್ನ ಶಕ್ತಿಯಿಂದಲೇ ಗೆಲ್ಲುತ್ತೇನೆ ಎಂಬ ಅಭಿಪ್ರಾಯವನ್ನು ಖಂಡಿತವಾಗಿ ತಿಳಿಸುತ್ತಾನೆ. ಸ್ಲೇಡನ ಬೆದರಿಕೆಗೂ ಜಗ್ಗುವುದಿಲ್ಲ. ಶೂಟರನ ಕೈಯಿಂದ ಹಂಚುವ ಕೆಲಸವೇ ತಪ್ಪುವಂತೆ ಮಾಡಿ, ಲೇಡಿ ಫಿಂಗರ್ಸ್ ಎಂಬ ಪಳಗಿದ ಮುದುಕಿಯನ್ನು ಆ ಕುರ್ಚಿಯಲ್ಲಿ ಕೂರಿಸುತ್ತಾನೆ. ಈ ಪಾತ್ರದಲ್ಲಿ ಜೋನ್ ಬ್ಲಾಂಡೆಲ್ ನಟಿಸಿದ್ದಾರೆ. ಇಲ್ಲಿಂದ ಮುಂದೆ ಕಪಟವಿಲ್ಲ. ಇಬ್ಬರು ಆಟಗಾರರು, ಐವತ್ತೆರಡು ಎಲೆಗಳು.

ಕಡೆಯ ಸುತ್ತನ್ನು ಪೋಕರ್ ಬಲ್ಲವರು ಇಂದಿಗೂ ಚರ್ಚಿಸುತ್ತಾರೆ. ಕಿಡ್‌ನ ತೆರೆದ ಎಲೆಗಳಲ್ಲಿ ಎರಡು ಹತ್ತು, ಎರಡು ಎಕ್ಕ; ಕವುಚಿದ್ದು ಮೂರನೆಯ ಎಕ್ಕ. ಮೂರು ಎಕ್ಕ, ಎರಡು ಹತ್ತು, ಇದಕ್ಕೆ 'ಫುಲ್ ಹೌಸ್' ಎಂದು ಹೆಸರು. ಲ್ಯಾನ್ಸಿಯ ತೆರೆದ ಎಲೆಗಳು ಡೈಮಂಡಿನ ಎಂಟು, ಒಂಬತ್ತು, ಹತ್ತು, ರಾಣಿ. ಕಿಡ್‌ನನ್ನು ಸೋಲಿಸಬೇಕಾದರೆ ಮುದುಕನ ಕವುಚಿದ ಎಲೆ ಡೈಮಂಡಿನ ಗುಲಾಮನೇ ಆಗಿರಬೇಕು; ಆಗ ಒಂದೇ ಜಾತಿಯ ಐದು ಎಲೆಗಳು ಸಾಲಾಗಿ ಕೂಡಿ 'ಸ್ಟ್ರೇಟ್ ಫ್ಲಷ್' ಆಗುತ್ತದೆ. ಬೇರೆ ಯಾವ ಎಲೆಯಿಂದಲೂ ಆಗದು. ಲ್ಯಾನ್ಸಿ ಐದು ಸಾವಿರ ಡಾಲರು ಪಣ ಏರಿಸುತ್ತಾನೆ. ಕಿಡ್‌ನ ಬಳಿ ಅಷ್ಟು ಹಣ ಉಳಿದಿಲ್ಲ. ನಿನ್ನ ಚೀಟಿ ಸಾಕೆನ್ನುತ್ತಾನೆ ವೃದ್ಧ. ಕಿಡ್ ಒಪ್ಪುತ್ತಾನೆ. ಕವುಚಿದ ಎಲೆ ಮೇಲೇಳುತ್ತದೆ: ಡೈಮಂಡಿನ ಗುಲಾಮ.

ನಮ್ಮ ಶಾಲೆಯ ಗಣಿತದ ಉಪಾಧ್ಯಾಯರಿಗೆ ಇದನ್ನು ಹೇಳಿದೆ. ಅವರು ಅಲ್ಲೇ ಕಾಗದ ತೆಗೆದುಕೊಂಡರು. ಐವತ್ತೆರಡರಿಂದ ಐದು ಎಲೆಗಳನ್ನು ೨೫,೯೮,೯೬೦ ರೀತಿಯಲ್ಲಿ ಆರಿಸಬಹುದು. ಅವುಗಳಲ್ಲಿ ಫುಲ್ ಹೌಸ್ ೩,೭೪೪. ಸ್ಟ್ರೇಟ್ ಫ್ಲಷ್ ಕೇವಲ ೪೦. ಮೊದಲನೆಯದು ಸುಮಾರು ೬೯೪ಕ್ಕೆ ಒಂದು ಸಲ, ಎರಡನೆಯದು ೬೪,೯೭೪ಕ್ಕೆ ಒಂದು ಸಲ ಬರುವಂಥದು. ಎರಡೂ ಒಂದೇ ಸುತ್ತಿನಲ್ಲಿ ಇಬ್ಬರಿಗೆ ಬರುವುದೆಂದರೆ, ಸ್ಥೂಲವಾಗಿ ಗುಣಿಸಿದರೆ, ನಾಲ್ಕೂವರೆ ಕೋಟಿಗೆ ಒಂದು! "ಕಥೆ ಕಟ್ಟಿದವರು ಲೆಕ್ಕ ಕಲಿತಿರಲಿಲ್ಲ ಸ್ವಾಮಿ" ಎಂದು ನಕ್ಕರು. ಆಮೇಲೆ ಅವರೇ ಯೋಚಿಸಿ ಇನ್ನೊಂದು ಲೆಕ್ಕ ಹಾಕಿದರು. ಆ ಕೊನೆಯ ಗಳಿಗೆಯಲ್ಲಿ ಕಿಡ್ ಕಾಣದ ಎಲೆಗಳು ನಲವತ್ತಮೂರು. ಅವನಿಗೆ ಮಾರಕವಾದದ್ದು ಅವುಗಳಲ್ಲಿ ಒಂದು. "ಹಾಗಾದರೆ ಹುಡುಗ ಮಾಡಿದ್ದು ತಪ್ಪಲ್ಲ. ಲೆಕ್ಕ ಸರಿಯಾಗಿಯೇ ಮಾಡಿದ, ಆದರೂ ಸೋತ" ಎಂದರು.

ಕಥೆಯ ತಿರುಳೂ ಅದೇ. ಎದುರಾಳಿಯ ಎರಡು ಹತ್ತುಗಳು ತೆರೆದು ಕಾಣುತ್ತಿದ್ದಾಗ, ಕೇವಲ ಮೂರು ಡೈಮಂಡ್ ಎಲೆಗಳ ಬಲದಿಂದ ಲ್ಯಾನ್ಸಿ ಪಣ ಏರಿಸಿದ್ದ. ಶಾಸ್ತ್ರದ ಪ್ರಕಾರ ಅದು ತಪ್ಪು. ಸುತ್ತ ನಿಂತವರಲ್ಲಿ ಒಬ್ಬರು ಇದನ್ನು ಕೇಳಿದಾಗ, ತಪ್ಪು ನಡೆಯನ್ನು ಸರಿಯಾದ ಸಮಯದಲ್ಲಿ ಇಡುವುದೇ ಈ ವಿದ್ಯೆಯ ಸಾರವೆಂಬರ್ಥದ ಉತ್ತರ ಕೊಡುತ್ತಾನೆ. ತರುಣ ತಿರಸ್ಕರಿಸಿದ ಕಪಟವನ್ನು ತಿರಸ್ಕರಿಸದೆ ಇದ್ದಿದ್ದರೆ ಬಹುಶಃ ಗೆಲ್ಲುತ್ತಿದ್ದ. ತಿರಸ್ಕರಿಸಿದ, ಸೋತ, ಮೇಲೆ ಸಾಲಗಾರನೂ ಆದ. ಧರ್ಮವನ್ನು ಹಿಡಿದವನಿಗೆ ಕಡೆಗೆ ಜಯವೆಂದು ಮುಗಿಸುವ ಕಥೆಗಳು ಬೇಕಾದಷ್ಟಿವೆ. ಈ ಚಿತ್ರ ಆ ಸಮಾಧಾನವನ್ನು ಕೊಡುವುದಿಲ್ಲ.

ಚಿತ್ರ ತಯಾರಾದ ಬಗೆಯೂ ಒಂದು ಜೂಜಿನಂತೆಯೇ ನಡೆಯಿತು. ಮೊದಲು ಸ್ಯಾಮ್ ಪೆಕಿನ್‌ಪಾ ಎಂಬವರು ನಿರ್ದೇಶನಕ್ಕೆ ನಿಂತರು. ಚಿತ್ರೀಕರಣ ಆರಂಭವಾದ ಕೆಲವೇ ದಿನಗಳಲ್ಲಿ ನಿರ್ಮಾಪಕರು ಅವರನ್ನು ಬಿಡಿಸಿದರು. ಅವರ ಜಾಗಕ್ಕೆ ಬಂದವರು ಕೆನಡಾದ ನಾರ್ಮನ್ ಜೂಯಿಸನ್. ಅಲ್ಲಿಯವರೆಗೆ ಲಘುಹಾಸ್ಯದ ಚಿತ್ರಗಳನ್ನು ಮಾಡಿದ್ದವರು. ಪೆಕಿನ್‌ಪಾ ಕಪ್ಪುಬಿಳುಪಿನಲ್ಲಿ ತೆಗೆಯುತ್ತಿದ್ದುದನ್ನು ಜೂಯಿಸನ್ ವರ್ಣಕ್ಕೆ ಬದಲಾಯಿಸಿದರು. ಆದರೆ ಸುತ್ತಣ ಬಣ್ಣಗಳನ್ನು ಮಂಕಾಗಿರಿಸಿ, ಎಲೆಗಳ ಕೆಂಪು ಮಾತ್ರ ಕಣ್ಣಿಗೆ ಹೊಡೆಯುವಂತೆ ನೋಡಿಕೊಂಡರು. ಅವರೇ ೧೯೬೭ರಲ್ಲಿ 'ಇನ್ ದಿ ಹೀಟ್ ಆಫ್ ದಿ ನೈಟ್' ಎಂಬ ಪ್ರಸಿದ್ಧ ಚಿತ್ರವನ್ನು ನಿರ್ದೇಶಿಸಿದರು, ೨೦೨೪ರಲ್ಲಿ ತೀರಿಕೊಂಡರು. ಮುದುಕನ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವರು ಸ್ಪೆನ್ಸರ್ ಟ್ರೇಸಿ. ಅವರು ಹಿಂದೆ ಸರಿದುದರಿಂದ ರಾಬಿನ್ಸನ್ ಬಂದರು.

ಇನ್ನು ಮೂರನೆಯ ಚರಿತ್ರೆ. ಚಿತ್ರಕಥೆ ಬರೆದವರೆಂದು ತೆರೆಯ ಮೇಲೆ ಕಾಣುವ ಹೆಸರುಗಳು ಎರಡು: ರಿಂಗ್ ಲಾರ್ಡ್ನರ್ ಜೂನಿಯರ್ ಮತ್ತು ಟೆರಿ ಸದರ್ನ್. ಮೊದಲನೆಯ ಹೆಸರು ಅಲ್ಲಿ ಕಾಣಿಸಿಕೊಂಡದ್ದೇ ಒಂದು ಘಟನೆ. ಲಾರ್ಡ್ನರ್ ೧೯೪೨ರ 'ವುಮನ್ ಆಫ್ ದಿ ಇಯರ್' ಚಿತ್ರಕ್ಕಾಗಿ ಆಸ್ಕರ್ ಪಾರಿತೋಷಕವನ್ನು ಹಂಚಿಕೊಂಡವರು. ಹಾಲಿವುಡ್ಡಿನಲ್ಲಿ ಒಳ್ಳೆಯ ಸಂಬಳ ಪಡೆಯುತ್ತಿದ್ದವರು. ೧೯೪೭ರ ಅಕ್ಟೋಬರಿನಲ್ಲಿ ಅಮೆರಿಕದ ಪ್ರತಿನಿಧಿಸಭೆಯ ಸಮಿತಿಯೊಂದು, ಚಿತ್ರೋದ್ಯಮದಲ್ಲಿ ಕಮ್ಯೂನಿಸ್ಟರು ಸೇರಿದ್ದಾರೆಯೆ ಎಂದು ವಿಚಾರಿಸಲು ಅವರನ್ನು ಕರೆಸಿತು. ನೀನು ಆ ಪಕ್ಷದ ಸದಸ್ಯನೆ ಎಂಬುದು ಪ್ರಶ್ನೆ. ತಾವು ಬಯಸುವ ರೀತಿಯಲ್ಲಿ ಉತ್ತರ ಹೇಳಬಲ್ಲೆ, ಆದರೆ ಹೇಳಿದರೆ ನಾಳೆ ಬೆಳಗ್ಗೆ ನನ್ನ ಮೇಲೆ ನನಗೇ ಹೇಸಿಗೆಯಾದೀತು, ಎಂಬರ್ಥದಲ್ಲಿ ಅವರು ಹೇಳಿದರು. ಅವರ ರಾಜಕೀಯ ಮತ ಸರಿಯೋ ತಪ್ಪೋ ಎಂಬುದು ಬೇರೆಯ ವಿಚಾರ. ಅವರು ಆ ಪಕ್ಷದಲ್ಲಿ ಇದ್ದದ್ದು ನಿಜವೇ. ಆದರೆ ಸಮಿತಿಯ ಮುಂದೆ ತಲೆಬಾಗಿ ನಾಲ್ಕು ಗೆಳೆಯರ ಹೆಸರು ಹೇಳಿದವರಿಗೆ ಕೆಲಸ ಉಳಿಯುತ್ತಿತ್ತೆಂಬುದು ಮುಂದಿನ ವರ್ಷಗಳಲ್ಲಿ ಎಲ್ಲರಿಗೂ ತಿಳಿದ ಮಾತು. ಅಂಥ ಗೆಲವು ಅವರಿಗೆ ಬೇಡವಾಯಿತು.

ಫಲವೇನು? ಕೆಲಸ ಹೋಯಿತು. ಸಭೆಗೆ ಅವಿಧೇಯತೆ ತೋರಿದ ಅಪರಾಧಕ್ಕಾಗಿ ಒಂದು ವರ್ಷದ ಶಿಕ್ಷೆ. ೧೯೫೦ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ಡ್ಯಾನ್‌ಬರಿ ಕಾರಾಗೃಹಕ್ಕೆ ಹೋದರು. ಅಲ್ಲಿ ಅವರು ಕಂಡದ್ದು ಯಾರನ್ನು? ಮೂರು ವರ್ಷಗಳ ಹಿಂದೆ ಪೀಠದಲ್ಲಿ ಕುಳಿತು ಅವರನ್ನು ಪ್ರಶ್ನಿಸಿದ್ದ ಸಮಿತಿಯ ಅಧ್ಯಕ್ಷ ಜೆ. ಪಾರ್ನೆಲ್ ಥಾಮಸ್ ಅವರನ್ನೇ! ಕೆಲಸ ಮಾಡದವರ ಹೆಸರನ್ನು ಸಂಬಳದ ಪಟ್ಟಿಯಲ್ಲಿ ಸೇರಿಸಿ ಆ ಹಣವನ್ನು ತಾವೇ ಪಡೆದರೆಂಬ ಅಪರಾಧ ಸಿದ್ಧವಾಗಿ ಅವರೂ ಅಲ್ಲಿಗೇ ಬಂದಿದ್ದರು. ಕಾರಾಗೃಹದ ಕೋಳಿಗಳನ್ನು ನೋಡಿಕೊಳ್ಳುವ ಕೆಲಸ ಅವರದು. ಎಲೆ ಹಂಚಿದವನ ಕೈ ಶುದ್ಧವಾಗಿರಲಿಲ್ಲವೆಂದು ಬೇರೆ ಹೇಳಬೇಕೆ?

ಬಿಡುಗಡೆಯಾದ ಮೇಲೂ ಲಾರ್ಡ್ನರ್ ಅವರ ಹೆಸರು ಚಿತ್ರೋದ್ಯಮದ ನಿಷೇಧಪಟ್ಟಿಯಲ್ಲಿತ್ತು. ಹೊಟ್ಟೆಪಾಡಿಗಾಗಿ ಪರರ ಹೆಸರಿನಲ್ಲಿ ಬರೆದರು. ಇಂಗ್ಲೆಂಡಿನ ದೂರದರ್ಶನದ ರಾಬಿನ್ ಹುಡ್ ಕಥಾಮಾಲೆಗೆ ಹೀಗೆಯೇ ಮರೆಯಲ್ಲಿ ನಿಂತು ಬರೆದರು. ಬರೆಹಗಾರನಿಗೆ ತನ್ನ ಹೆಸರೇ ಕವುಚಿಟ್ಟ ಎಲೆಯಾಯಿತು. ಹದಿನೆಂಟು ವರ್ಷಗಳಾದ ಮೇಲೆ, ೧೯೬೫ರಲ್ಲಿ, ಆ ಎಲೆ ಮತ್ತೆ ಮೇಲೆದ್ದು ತೆರೆಯ ಮೇಲೆ ಕಾಣಿಸಿದ್ದು ಈ ಜೂಜಿನ ಚಿತ್ರದಲ್ಲಿ. ಮುಂದೆ ೧೯೭೦ರ 'ಮ್ಯಾಶ್' ಚಿತ್ರಕ್ಕಾಗಿ ಅವರಿಗೆ ಮತ್ತೊಮ್ಮೆ ಆಸ್ಕರ್ ಬಂತು. ೨೦೦೦ದಲ್ಲಿ ಅವರು ತೀರಿಕೊಂಡಾಗ, ೧೯೪೭ರಲ್ಲಿ ಉತ್ತರ ಹೇಳಲೊಪ್ಪದೆ ಸೆರೆಮನೆಗೆ ಹೋದ ಹತ್ತು ಮಂದಿಯಲ್ಲಿ ಉಳಿದಿದ್ದವರು ಅವರೊಬ್ಬರೇ.

ಇದೇ ಚಿತ್ರದಲ್ಲಿ ನಟಿಸಿದ ರಾಬಿನ್ಸನ್ ಅವರ ಪಾಡು ಬೇರೆ. ಅವರು ೧೮೯೩ರಲ್ಲಿ ರುಮೇನಿಯಾದಲ್ಲಿ ಹುಟ್ಟಿ ಬಾಲ್ಯದಲ್ಲಿ ಅಮೆರಿಕಕ್ಕೆ ಬಂದವರು, ಎಂದೂ ಕಮ್ಯೂನಿಸ್ಟರಾಗಿರಲಿಲ್ಲ. ಆದರೂ ಸಂಶಯ ಬಿಡಲಿಲ್ಲ, ಅವಕಾಶಗಳು ಕಡಿಮೆಯಾದವು. ಮತ್ತೆ ಮತ್ತೆ ಆ ಸಮಿತಿಯ ಮುಂದೆ ಹೋಗಿ, ಕೊನೆಗೆ ೧೯೫೨ರಲ್ಲಿ ತಾನು ಇತರರಿಂದ ಮೋಸಹೋದೆನೆಂದು ಒಪ್ಪಿಕೊಂಡು ಹೊರಬಂದರು. ಅವರನ್ನು ಹಳಿಯಲು ನನಗೆ ಮನಸ್ಸು ಬರುವುದಿಲ್ಲ. ಸಂಸಾರವಂದಿಗರಾದ ನಾವು ಎಷ್ಟು ಮಂದಿ ಅಂಥ ಸಭೆಯಲ್ಲಿ ನೆಟ್ಟಗೆ ನಿಲ್ಲಬಲ್ಲೆವು? ಬಾಗದೆ ಸೋತವರೊಬ್ಬರು ಬರೆದ ಮಾತನ್ನು ಬಾಗಿ ಬದುಕಿದವರೊಬ್ಬರು ಆಡಿದರು. ಅದನ್ನು ಇಬ್ಬರೂ ಸೇರಿ ಒಂದು ಒಳ್ಳೆಯ ಕೃತಿ ಮಾಡಿದರು. ಚರಿತ್ರೆ ಹೀಗೆಯೇ ಜನರನ್ನು ಒಂದೇ ಮೇಜಿನ ಸುತ್ತ ಕೂರಿಸುತ್ತದೆ.

ನನ್ನ ವೃತ್ತಿಯ ಒಂದು ಸಣ್ಣ ನೆನಪನ್ನು ಹೇಳಿ ಮುಗಿಸುತ್ತೇನೆ. ಹಲವು ವರ್ಷಗಳ ಹಿಂದೆ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಂಚಿದ್ದೆ. ಒಬ್ಬ ಹುಡುಗ ನನ್ನ ಮೇಜಿನ ಬಳಿಗೆ ಬಂದು, "ಮೇಷ್ಟ್ರೇ, ಕೂಡಿದ್ದು ತಪ್ಪಾಗಿದೆ" ಎಂದ. ನೋಡಿದೆ, ಮೂವತ್ತೆಂಟು ಎಂದು ಬರೆದಿದ್ದೆ, ಮೂವತ್ತಮೂರು ಆಗಬೇಕಾಗಿತ್ತು. ತೇರ್ಗಡೆಗೆ ಬೇಕಾದದ್ದು ಮೂವತ್ತೈದು. ಅದು ಅವನಿಗೂ ಗೊತ್ತಿತ್ತು. ನಾನು ಅಂಕೆಯನ್ನು ಹೊಡೆದು ಮೂವತ್ತಮೂರು ಎಂದು ತಿದ್ದಿದೆ. ಅವನು ಪತ್ರಿಕೆ ತೆಗೆದುಕೊಂಡು ತನ್ನ ಜಾಗಕ್ಕೆ ಹೋಗಿ ಕುಳಿತ. ಅಂದು ನಾನು ಅವನಿಗೆ ಒಂದು ಒಳ್ಳೆಯ ಮಾತನ್ನಾದರೂ ಹೇಳಬೇಕಾಗಿತ್ತು, ಹೇಳಲಿಲ್ಲ. ಈ ಚಿತ್ರವನ್ನು ನೋಡುವಾಗ, ಕಿಡ್ ಶೂಟರನನ್ನು ಪಕ್ಕಕ್ಕೆ ಕರೆದ ಗಳಿಗೆಯಲ್ಲಿ, ಆ ಹುಡುಗನ ಮುಖ ನೆನಪಾಯಿತು.

ಚಿತ್ರದ ಆರಂಭದಲ್ಲಿ ಬೂಟು ಒರೆಸುವ ಬಾಲಕನೊಬ್ಬ ಕಿಡ್‌ನೊಡನೆ ಗೋಡೆಗೆ ನಾಣ್ಯ ಎಸೆಯುವ ಆಟ ಆಡಿ ಸೋಲುತ್ತಾನೆ. ಕೊನೆಯಲ್ಲಿ, ಎಲ್ಲವನ್ನೂ ಕಳೆದುಕೊಂಡು ಬೀದಿಗೆ ಬಂದ ಕಿಡ್‌ನನ್ನು ಅದೇ ಬಾಲಕ ಮತ್ತೆ ಆಟಕ್ಕೆ ಕರೆಯುತ್ತಾನೆ. ಈ ಸಲ ಬಾಲಕನೇ ಗೆಲ್ಲುತ್ತಾನೆ. ಕೆಲವು ಪ್ರತಿಗಳಲ್ಲಿ ಚಿತ್ರ ಅಲ್ಲಿಗೇ ನಿಲ್ಲುತ್ತದೆ. ಕೆಲವು ಪ್ರತಿಗಳಲ್ಲಿ ಅವನನ್ನು ಪ್ರೀತಿಸಿದ ಹೆಣ್ಣು ಬೀದಿಯ ತಿರುವಿನಲ್ಲಿ ಕಾದಿರುತ್ತಾಳೆ. ಎರಡರಲ್ಲಿ ಯಾವುದನ್ನು ನೋಡಿದರೂ ತಾವು ಒಂದು ಸಂಗತಿಯನ್ನು ಗಮನಿಸಿ. ಅವನ ಜೇಬು ಬರಿದಾಗಿದೆ, ಹೆಸರು ಹೋಗಿದೆ, ಸಾಲ ತಲೆಯ ಮೇಲಿದೆ. ಆದರೆ ಬೀದಿಯಲ್ಲಿ ಒಬ್ಬ ಹುಡುಗ ನಾಣ್ಯ ಹಿಡಿದು ಕರೆದಾಗ ಅವನು ನಿಂತು ಆಡುತ್ತಾನೆ. ಯಾರ ಕಣ್ಣನ್ನೂ ತಪ್ಪಿಸಿಕೊಳ್ಳಬೇಕಾದ ಕಾರಣ ಅವನಿಗಿಲ್ಲ.